ಲಂಡನ್‌ಗೆ ಸಲೀಸು, ಬೆಲ್‌ಫಾಸ್ಟ್‌ಗೆ ತಲೆನೋವು: ಮಲೆನಾಡಿನಿಂದ ಅಂಚೆಯ ರಫ್ತು ಸೇವೆ

ಮೊದಲೇ ಅಂಕ ಕೊಟ್ಟುಬಿಡೋಣ, ಆಮೇಲೆ ವಿವರ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಮಲೆನಾಡಿನಿಂದ ಸಣ್ಣ ಪಾರ್ಸೆಲ್ ಕಳಿಸುವುದಾದರೆ ಲಂಡನ್‌ಗೆ ಐದಕ್ಕೆ ನಾಲ್ಕು, ಡಬ್ಲಿನ್‌ಗೆ ಮೂರು, ಬರ್ಲಿನ್‌ಗೆ ಎರಡೂವರೆ, ಬೆಲ್‌ಫಾಸ್ಟ್‌ಗೆ ಎರಡು. ಕೌಂಟರ್ ಅದೇ, ಫಾರಂ ಅದೇ, ಒಳಗಿರುವ ಅರ್ಧ ಕಿಲೋ ಕಾಫಿಪುಡಿಯೂ ಅದೇ. ಆದರೂ ಊರು ಬದಲಾದ ಹಾಗೆ ಅಂಕ ಇಳಿಯುತ್ತದೆ. ಯಾಕೆಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದದ್ದು. ಆ ಉತ್ತರ ಅರ್ಧ ಸರಿ. ಯಾವ ಅರ್ಧ ಅನ್ನುವುದು ಪಾರ್ಸೆಲ್ ಕಟ್ಟುವವರಿಗೆ ದುಡ್ಡಿನ ಪ್ರಶ್ನೆ. ಅದಕ್ಕೇ ಈ ವಿಮರ್ಶೆ ಸ್ವಲ್ಪ ಉದ್ದ.

ಕೇಂದ್ರ ಅಂದ ತಕ್ಷಣ ಬೇರೆ ಕಟ್ಟಡ ಹುಡುಕಬೇಡಿ. ಅಂಚೆ ಕಚೇರಿಯೊಳಗೇ ಒಂದು ಕೌಂಟರ್, ಜೊತೆಗೊಂದು ಆನ್‌ಲೈನ್ ಪೋರ್ಟಲ್, ಅಷ್ಟೆ. ಎಲ್ಲ ಕಚೇರಿಗಳಲ್ಲೂ ಈ ಸೌಲಭ್ಯ ಇರುವುದಿಲ್ಲ, ಹಾಗಾಗಿ ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರು ಬಸ್ ಹತ್ತುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. 2022ರ ಕೊನೆಗೆ ಬಂದ ನಿಯಮದ ಪ್ರಕಾರ ರಫ್ತು ಘೋಷಣೆ, ಅಂದರೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್, ಆನ್‌ಲೈನ್‌ನಲ್ಲೇ ಸಲ್ಲಿಕೆಯಾಗುತ್ತದೆ. ಪೊಟ್ಟಣ ವಿದೇಶಿ ಟಪಾಲು ನಿರ್ವಹಿಸುವ ನಮ್ಮಲ್ಲಿನ ಅಂಚೆ ಕಚೇರಿ ತಲುಪಿದ ಮೇಲೆ ಕಸ್ಟಮ್ಸ್‌ನವರ ತಪಾಸಣೆ. ಅದಕ್ಕಾಗಿ ಕಳಿಸಿದವರು ಬೆಂಗಳೂರಿಗೆ ಓಡಬೇಕಿಲ್ಲ. ಸೇವೆಯ ದೊಡ್ಡ ಗುಣವೇ ಇದು.

ಮಾರಾಟಕ್ಕೆ ಕಳಿಸುವವರಿಗೆ ಐಇಸಿ, ಅಂದರೆ ಆಮದು ರಫ್ತು ಕೋಡ್ ಬೇಕು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಸಿಗುತ್ತದೆ, ಪ್ಯಾನ್ ನಂಬರೇ ಐಇಸಿ ನಂಬರ್. ಸುಮಾರು ಜನ ಎಡವುವುದು ಪಡೆದ ಮೇಲೆ: ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಏನೂ ಬದಲಾವಣೆ ಇಲ್ಲದಿದ್ದರೂ, ಒಳಗೆ ಹೋಗಿ ವಿವರ ಖಚಿತಪಡಿಸಬೇಕು. ಇಲ್ಲದಿದ್ದರೆ ಐಇಸಿ ನಿಷ್ಕ್ರಿಯವಾಗಿ, ಸರಿಯಾಗಿ ಹಬ್ಬದ ಆರ್ಡರ್ ಬಂದಾಗ ಪೋರ್ಟಲ್ ತಿರಸ್ಕರಿಸುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು, ಅದೂ ಆರ್ಥಿಕ ವರ್ಷಕ್ಕೊಮ್ಮೆ. ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಮೆಣಸು ಏಲಕ್ಕಿಗೆ ಮಸಾಲೆ ಮಂಡಳಿಯ ನೋಂದಣಿ, ಕಾಫಿಗೆ ಕಾಫಿ ಮಂಡಳಿಯದ್ದು. ಮಗಳಿಗೋ ಅಳಿಯನಿಗೋ ಉಡುಗೊರೆ ಕಳಿಸುವವರಿಗೆ ಐಇಸಿ ಬೇಡ.

ಇನ್ನು ಘೋಷಣೆಯ ಫಾರಂ. ಪಾರ್ಸೆಲ್ ದಾರಿಯಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿ ಬರೆದ ಒಂದು ಸಾಲಿನಿಂದ. ‘ಫುಡ್ ಐಟಂ’, ‘ಗಿಫ್ಟ್’ ಅಂತ ಬರೆದರೆ ಐರೋಪ್ಯ ಒಕ್ಕೂಟದ ಕಡೆ ನಿಲ್ಲುವುದು ಹೆಚ್ಚುಕಡಿಮೆ ಖಾತ್ರಿ. ಪಾರ್ಸೆಲ್ ವಿಮಾನ ಹತ್ತುವ ಮುಂಚೆಯೇ ಅದರ ವಿವರ ಅಲ್ಲಿಗೆ ವಿದ್ಯುನ್ಮಾನ ರೂಪದಲ್ಲಿ ಹೋಗಬೇಕೆಂಬ ನಿಯಮ 2021ರ ಮಾರ್ಚ್‌ನಿಂದ ಇದೆ, ಅಸ್ಪಷ್ಟ ಪದಗಳನ್ನು ಅಲ್ಲಿನ ವ್ಯವಸ್ಥೆ ಒಪ್ಪುವುದಿಲ್ಲ. ‘ಹುರಿದು ಪುಡಿ ಮಾಡಿದ ಕಾಫಿ, 500 ಗ್ರಾಂ, 2 ಪ್ಯಾಕೆಟ್’ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ, ಯಾವ ಬಗೆಯ ಸರಕು ಎಂದು ಎಲ್ಲ ದೇಶಗಳ ಕಸ್ಟಮ್ಸ್‌ಗೂ ತಿಳಿಸುವ ಆರು ಅಂಕಿಯ ಎಚ್‌ಎಸ್ ಕೋಡ್ ಹಾಕಿ. ಹುರಿದ ಕಾಫಿಗೆ 0901 21, ಇಡೀ ಕಾಳುಮೆಣಸಿಗೆ 0904 11, ಪುಡಿ ಮಾಡಿದ್ದಕ್ಕೆ 0904 12, ಇಡೀ ಏಲಕ್ಕಿಗೆ 0908 31. ನಮ್ಮ ಕಡೆಯ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಇರುತ್ತದಲ್ಲ, ಅದು ಶುದ್ಧ ಕಾಫಿಯ ಕೋಡ್‌ಗೆ ಬರುವುದಿಲ್ಲ. ಕಾಫಿ ಬೆರೆತ ಬದಲಿ ಪಾನೀಯಗಳ ಕೋಡ್ 0901 90. ಲೇಬಲ್ ಮೇಲೆ ‘ಶೇ. 30 ಚಿಕೋರಿ’ ಎಂದಿದ್ದು ಫಾರಂನಲ್ಲಿ 0901 21 ಎಂದಿದ್ದರೆ ಅನುಮಾನಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಪ್ಯಾಕಿಂಗ್ ಬಗ್ಗೆ ಎರಡು ಮಾತು. ಹೊಸದಾಗಿ ಹುರಿದ ಬೀಜ ಅನಿಲ ಬಿಡುತ್ತಲೇ ಇರುತ್ತದೆ. ಕವಾಟವಿಲ್ಲದ ಚೀಲಕ್ಕೆ ಅದೇ ದಿನ ತುಂಬಿ ಸೀಲ್ ಮಾಡಿದರೆ ಚೀಲ ಉಬ್ಬಿ ಅಂಟು ಬಿಡುತ್ತದೆ, ವಿಮಾನದ ಕಡಿಮೆ ಒತ್ತಡದಲ್ಲಂತೂ ಇನ್ನೂ ಬೇಗ. ಒಂದೆರಡು ದಿನ ಆರಲು ಬಿಟ್ಟು ತುಂಬಿ, ಇಲ್ಲವೇ ಕವಾಟವಿರುವ ಚೀಲ ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಲಸಿನ ಹಪ್ಪಳ, ಮೆಣಸಿನಪುಡಿ ಕಟ್ಟುವಾಗ ಒಳಗೊಂದು ಸಿಲಿಕಾ ಪೊಟ್ಟಣ ಇರಲೇಬೇಕು. ಇಲ್ಲಿನ ಥಂಡಿ ಹಿಡಿದ ಹಪ್ಪಳ ಲಂಡನ್ನಿನಲ್ಲಿ ಬಿಚ್ಚುವಾಗ ಬೂಷ್ಟು ಕಟ್ಟಿರುತ್ತದೆ. ರಟ್ಟಿನ ಪೆಟ್ಟಿಗೆ ಮೂರು ಪದರದ್ದು ಸಾಲದು, ಐದು ಪದರದ್ದು ತೆಗೆದುಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಗಾಜಿನ ಭರಣಿಯಲ್ಲಿ ಕಳಿಸುವ ಸಾಹಸ ಬೇಡ. ಅದರ ರಸ ಸೋರಿದರೆ ಹಾಳಾಗುವುದು ನಿಮ್ಮ ಪೆಟ್ಟಿಗೆ ಮಾತ್ರವಲ್ಲ. ತುಪ್ಪ, ಪೇಡೆ ಮುಂತಾದ ಹಾಲಿನ ಪದಾರ್ಥವನ್ನು ಭಾರತದಿಂದ ಖಾಸಗಿ ಪೊಟ್ಟಣದಲ್ಲಿ ತರಿಸಿಕೊಳ್ಳಲು ಬ್ರಿಟನ್ನಿನಲ್ಲೂ ಬಿಡುವುದಿಲ್ಲ, ಒಕ್ಕೂಟದಲ್ಲೂ ಬಿಡುವುದಿಲ್ಲ.

ಲಂಡನ್ನಿಗೆ ನಾಲ್ಕು ಅಂಕ ಸಿಗಲು ಕಾರಣ ಅಲ್ಲಿನ ಲೆಕ್ಕ ಸ್ಪಷ್ಟ. ಒಬ್ಬ ವ್ಯಕ್ತಿಯಿಂದ ಇನ್ನೊಬ್ಬರಿಗೆ ಹೋಗುವ ಉಡುಗೊರೆ 39 ಪೌಂಡ್ ಒಳಗಿದ್ದರೆ ತೆರಿಗೆ ಇಲ್ಲ. ಮೇಲಿದ್ದರೆ ವ್ಯಾಟ್, ಸಾಮಾನ್ಯ ದರ ಶೇ. 20. ಆದರೆ ಕಾಫಿ, ಚಿಕೋರಿ, ಮಸಾಲೆಗೆ ಬ್ರಿಟನ್ನಿನ ವ್ಯಾಟ್ ಸೊನ್ನೆ. ಅಡಿಕೆ ಹಾಳೆಯ ತಟ್ಟೆಗೆ ಪೂರ್ತಿ 20. ಕೋಕಂ ಶರಬತ್ತಿನ ಸಿರಪ್ ತಂಪು ಪಾನೀಯದ ಗುಂಪಿಗೆ ಬೀಳುವುದರಿಂದ ಅದಕ್ಕೂ 20. ಲೆಕ್ಕ ಹಾಕಿ ನೋಡಿ: 50 ಪೌಂಡಿನ ತಟ್ಟೆಗಳಿಗೆ 10 ಪೌಂಡ್ ವ್ಯಾಟ್, ಅದನ್ನು ವಸೂಲಿ ಮಾಡಿದ್ದಕ್ಕೆ ರಾಯಲ್ ಮೇಲ್‌ನ ನಿರ್ವಹಣಾ ಶುಲ್ಕ 8 ಪೌಂಡ್. ಉಡುಗೊರೆ ಪಡೆದವರ ಜೇಬಿನಿಂದಲೇ 18 ಪೌಂಡ್ ಹೋಯಿತು. ಒಂದೇ ಮನೆಯ ಇಬ್ಬರಿಗೆ ಬೇರೆ ಬೇರೆ ಉಡುಗೊರೆ ಒಂದೇ ಪೆಟ್ಟಿಗೆಯಲ್ಲಿ ಹೋಗುವುದಾದರೆ ಬೇರೆಯಾಗಿ ಸುತ್ತಿ, ಹೆಸರು ಬರೆದು, ಫಾರಂನಲ್ಲೂ ಬೇರೆ ಸಾಲಿನಲ್ಲಿ ತೋರಿಸಿ. ಆಗ 39 ಪೌಂಡಿನ ಮಿತಿ ಇಬ್ಬರಿಗೂ ಬೇರೆ ಬೇರೆ ಸಿಗುತ್ತದೆ. ಮಾರಾಟದ ಮಾಲು 135 ಪೌಂಡ್ ಒಳಗಿದ್ದರೆ ಕಸ್ಟಮ್ಸ್ ಸುಂಕವಿಲ್ಲ, ಆದರೆ ವ್ಯಾಟ್ ಅನ್ನು ಮಾರುವಾಗಲೇ ಮಾರಾಟಗಾರ ಅಥವಾ ಆನ್‌ಲೈನ್ ಮಾರುಕಟ್ಟೆ ವಸೂಲಿ ಮಾಡಿ ಕಟ್ಟಬೇಕು.

‘ಮುಂಚೆ 15 ಪೌಂಡ್ ತನಕ ವ್ಯಾಟೇ ಇರಲಿಲ್ಲ, ಬ್ರೆಕ್ಸಿಟ್ ಬಂದು ಕೆಡಿಸಿತು’ ಎಂದು ದೂರುವವರಿದ್ದಾರೆ. 2021ರ ಜನವರಿ 1ರಂದು ಆ ವಿನಾಯಿತಿ ರದ್ದಾದದ್ದು ನಿಜ, ಬ್ರಿಟನ್ ಒಕ್ಕೂಟದ ಏಕ ಮಾರುಕಟ್ಟೆಯಿಂದ ಕಳಚಿಕೊಂಡದ್ದೂ ಅದೇ ದಿನ. ಆದರೆ ಒಕ್ಕೂಟವೂ ತನ್ನ 22 ಯೂರೊ ವಿನಾಯಿತಿಯನ್ನು ಅದೇ ವರ್ಷ ಜುಲೈ 1ರಂದು ತೆಗೆದುಹಾಕಿತು. ಒಳಗೇ ಉಳಿದಿದ್ದರೂ ಬ್ರಿಟನ್ನಿಗೆ ಆರು ತಿಂಗಳು ತಡವಾಗಿ ಅದೇ ಗತಿ. ಹೊರಬಂದರೆ ಸುಂಕದ ಗೋಡೆ ಬಿದ್ದು ನಮ್ಮ ಮಾಲು ಅಗ್ಗವಾಗುತ್ತದೆ ಎಂದವರ ಮಾತೂ ಮಲೆನಾಡಿನ ಮಟ್ಟಿಗೆ ಅಷ್ಟಕ್ಕಷ್ಟೆ: ಒಕ್ಕೂಟದಲ್ಲಿ ಹಸಿ ಕಾಫಿ ಬೀಜಕ್ಕೂ ಇಡೀ ಕಾಳುಮೆಣಸಿಗೂ ಆಮದು ಸುಂಕ ಮೊದಲೇ ಸೊನ್ನೆ. ಸೊನ್ನೆಯನ್ನು ಇನ್ನೆಷ್ಟು ಇಳಿಸಲು ಸಾಧ್ಯ? ಶಿವಮೊಗ್ಗದಿಂದ ನೇರ ಲಂಡನ್ನಿಗೆ ಹೋಗುವ ಪೊಟ್ಟಣಕ್ಕೆ ಬ್ರೆಕ್ಸಿಟ್ ತಂದ ನಷ್ಟವೂ ಕಮ್ಮಿ, ಲಾಭವೂ ಕಮ್ಮಿ. ಭಾರತ ಅಂದೂ ಹೊರಗಿನ ದೇಶ, ಇಂದೂ ಹೊರಗಿನ ದೇಶ.

ಏಟು ಬಿದ್ದಿರುವುದು ಲಂಡನ್ ದಾಟಿ ಮುಂದೆ ಹೋಗುವ ಮಾಲಿಗೆ. 2020ರ ಕೊನೆಯ ತನಕ ಒಂದು ಸುಲಭದ ದಾರಿ ಇತ್ತು. ಇಪ್ಪತ್ತು ಕಿಲೋ ಪೆಟ್ಟಿಗೆಯನ್ನು ಲೆಸ್ಟರ್‌ನಲ್ಲೋ ಲಂಡನ್ನಿನಲ್ಲೋ ಇರುವ ಪರಿಚಯದ ಅಂಗಡಿಗೆ ಕಳಿಸಿ, ಸುಂಕ ಒಮ್ಮೆ ಕಟ್ಟಿಸಿ, ಅಲ್ಲಿಂದ ಡಬ್ಲಿನ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್‌ಗೆ ಬಿಡಿ ಪೊಟ್ಟಣ ಹಂಚಬಹುದಿತ್ತು. ಕಸ್ಟಮ್ಸ್ ಫಾರಂ ಬೇಕಿರಲಿಲ್ಲ. ಈಗ ಅದೇ ಪೊಟ್ಟಣ ಎರಡನೇ ಗಡಿ ದಾಟಬೇಕು. ಬ್ರಿಟನ್ ಮತ್ತು ಒಕ್ಕೂಟದ ನಡುವಿನ ವ್ಯಾಪಾರ ಮತ್ತು ಸಹಕಾರ ಒಪ್ಪಂದದಲ್ಲಿ ಸುಂಕ ಸೊನ್ನೆ ಎಂದಿದೆಯಲ್ಲ ಎನ್ನುತ್ತಾರೆ. ಆ ಸೊನ್ನೆ ಬ್ರಿಟನ್ ಮೂಲದ ಮಾಲಿಗೆ ಮಾತ್ರ. ಕೊಪ್ಪದಲ್ಲಿ ಬೆಳೆದು ಇಲ್ಲೇ ಹುರಿದ ಕಾಫಿಗೆ ಲೆಸ್ಟರ್‌ನಲ್ಲಿ ಹೊಸ ಚೀಲ, ಹೊಸ ಲೇಬಲ್ ಹಾಕಿದ ಮಾತ್ರಕ್ಕೆ ಮೂಲ ಬದಲಾಗದು. 150 ಯೂರೊ ಮೀರಿದ ಮಾಲಾದರೆ ಹುರಿದ ಕಾಫಿಗೆ ಒಕ್ಕೂಟದ ಸಾಮಾನ್ಯ ಸುಂಕ ಶೇ. 7.5 ಮತ್ತೆ ಕಟ್ಟಬೇಕಾಗಬಹುದು, ಬ್ರಿಟನ್ನಿನಲ್ಲಿ ಆಗಲೇ ಕಟ್ಟಿದ್ದರೂ ಸರಿ. ಹಸಿಬೀಜ ತರಿಸಿಕೊಂಡು ಅಲ್ಲಿಯೇ ಹುರಿದರೆ ಕಥೆ ಬೇರೆ, ಆಗ ಅದು ಬ್ರಿಟನ್ ಮೂಲ. ಹುರಿಯುವ ಕೂಲಿ ಮತ್ತು ಲಾಭ ಮಾತ್ರ ಅವರಿಗೆ.

ಹಾಗಾಗಿ ಡಬ್ಲಿನ್ನಿಗೆ ಇಲ್ಲಿಂದಲೇ ನೇರ ಕಳಿಸಿ. ಒಕ್ಕೂಟದಲ್ಲೇ ಇರುವ ಐರ್ಲೆಂಡಿನಲ್ಲೂ ಕಾಫಿಪುಡಿಗೆ ವ್ಯಾಟ್ ಸೊನ್ನೆ, ತಟ್ಟೆಯಂಥ ಸಾಮಾನಿಗೆ ಶೇ. 23. ಖಾಸಗಿ ಉಡುಗೊರೆಯ ಮಿತಿ 45 ಯೂರೊ. ಆದರೆ ಆ ಮಿತಿಯೊಳಗೂ ಒಕ್ಕೂಟದ ನಿಯಮದಲ್ಲಿ ಕಾಫಿಗೆ ಅರ್ಧ ಕಿಲೋ, ಚಹಾಕ್ಕೆ ನೂರು ಗ್ರಾಂ ಎಂಬ ತೂಕದ ಕಟ್ಟು ಬೇರೆ ಇದೆ. ಮಾರಾಟಗಾರರಿಗೆ ಐಒಎಸ್‌ಎಸ್ ಎಂಬ ವ್ಯಾಟ್ ನೋಂದಣಿ ಅನುಕೂಲ, ಆದರೆ ಭಾರತದವರು ಅದನ್ನು ಒಕ್ಕೂಟದೊಳಗಿನ ಮಧ್ಯವರ್ತಿಯ ಮೂಲಕವೇ ಪಡೆಯಬೇಕು. ಮಧ್ಯವರ್ತಿಯ ಶುಲ್ಕಕ್ಕೆ ತಿಂಗಳಿಗೆ ಹತ್ತು ಪೊಟ್ಟಣ ಮಾರುವವರ ಲಾಭ ಸಾಲುವುದಿಲ್ಲ. ಮೂರೇ ಅಂಕ ಕೊಟ್ಟದ್ದು ಅದಕ್ಕೆ.

ಬರ್ಲಿನ್‌ನ ತೊಂದರೆಗೂ ಬ್ರೆಕ್ಸಿಟ್‌ಗೂ ಸಂಬಂಧವಿಲ್ಲ. ಜರ್ಮನಿಯಲ್ಲಿ ಕಾಫಿಗೇ ಪ್ರತ್ಯೇಕ ತೆರಿಗೆ ಉಂಟು: ಹುರಿದ ಕಾಫಿ ಕಿಲೋಗೆ 2.19 ಯೂರೊ, ಇನ್‌ಸ್ಟಂಟ್‌ಗೆ 4.78. ಪಾರ್ಸೆಲ್ ಎಷ್ಟೇ ಸಣ್ಣದಿದ್ದರೂ ಮಾರಾಟದ್ದಾದರೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಮೆಣಸು ಏಲಕ್ಕಿ ಕಳಿಸುವುದೇ ವಾಸಿ.

ಈಗ ಬೆಲ್‌ಫಾಸ್ಟ್. ಈ ಊರಿರುವ ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ಆದರೆ ಸರಕಿನ ವಿಷಯದಲ್ಲಿ ಒಕ್ಕೂಟದ ಬಹಳಷ್ಟು ನಿಯಮಗಳು ಅಲ್ಲಿ ಈಗಲೂ ಜಾರಿಯಲ್ಲಿವೆ. ಐರ್ಲೆಂಡ್ ದ್ವೀಪದೊಳಗೆ ಗಡಿ ಗೇಟು ಬರಬಾರದು ಎಂದು ಮಾಡಿಕೊಂಡ ಏರ್ಪಾಡು ಇದು, 2023ರಲ್ಲಿ ಬ್ರಿಟನ್ ಮತ್ತು ಒಕ್ಕೂಟ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದದಲ್ಲಿ ಇದನ್ನು ಇನ್ನಷ್ಟು ತಿದ್ದಿದವು. ಕಳಿಸುವವರಿಗೆ ಇದರ ಬಿಸಿ ತಟ್ಟಿದ್ದು 2024ರ ಡಿಸೆಂಬರ್ 13ರಂದು ಒಕ್ಕೂಟದ ಹೊಸ ಉತ್ಪನ್ನ ಸುರಕ್ಷತಾ ನಿಯಮ ಜಾರಿಗೆ ಬಂದಾಗ. ಗ್ರಾಹಕರಿಗೆ ಮಾರುವ ಸಾಮಾನಿಗೆ ಒಕ್ಕೂಟದ ಅಥವಾ ಉತ್ತರ ಐರ್ಲೆಂಡಿನ ವಿಳಾಸವಿರುವ ಹೊಣೆಗಾರರೊಬ್ಬರ ಹೆಸರು ಬೇಕು. ಆಹಾರಕ್ಕೆ ಈ ನಿಯಮ ಇಲ್ಲ, ಕಾಫಿಪುಡಿ ಹೋಗುತ್ತದೆ. ಹಾಳೆತಟ್ಟೆ, ಚನ್ನಪಟ್ಟಣದ ಗೊಂಬೆ, ಬಟ್ಟೆ ಚೀಲಕ್ಕೆ ಇದೆ. ಒಂದೇ ಪೆಟ್ಟಿಗೆಯಲ್ಲಿ ಕಾಫಿಯನ್ನೂ ತಟ್ಟೆಯನ್ನೂ ಹಾಕಿ ಕಳಿಸಿದರೆ ತಟ್ಟೆಯ ದೆಸೆಯಿಂದ ಕಾಫಿಯೂ ಕೂತುಬಿಡುತ್ತದೆ. ವಿಳಾಸದ ಗೊಂದಲವೂ ಇಲ್ಲೇ ಹೆಚ್ಚು: ಪಿನ್ ‘ಬಿಟಿ’ ಅಕ್ಷರಗಳಿಂದ ಶುರುವಾದರೆ ದೇಶದ ಜಾಗದಲ್ಲಿ ಯುನೈಟೆಡ್ ಕಿಂಗ್‌ಡಂ ಎಂದೇ ಇರಬೇಕು. ಬರೀ ಐರ್ಲೆಂಡ್ ಎಂದು ಬರೆದರೆ ಪಾರ್ಸೆಲ್ ಡಬ್ಲಿನ್ ಸುತ್ತಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಈ ನಾಲ್ಕು ವಿಳಾಸಗಳ ಅನುಭವ ಇಟ್ಟುಕೊಂಡು ನೋಡಿದರೆ ಹೊರಬಂದದ್ದು ಲಾಭವೋ ನಷ್ಟವೋ ಎಂದು ಬ್ರಿಟನ್ನಿನಲ್ಲಿ ಹತ್ತು ವರ್ಷದಿಂದ ನಡೆಯುತ್ತಿರುವ ಜಗಳ ಅರ್ಥವಾಗುತ್ತದೆ. ಅಲ್ಲಿನ ಸ್ವತಂತ್ರ ಬಜೆಟ್ ಸಂಸ್ಥೆ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಹೇಳುವುದು, ಒಳಗೆ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ. 4 ಕಡಿಮೆ, ಆಮದು ರಫ್ತು ಎರಡೂ ಶೇ. 15 ಕಡಿಮೆ. ಹೊರಬರಬೇಕು ಎಂದವರ ಕಡೆಯ ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಮಿನ್‌ಫೋರ್ಡ್ ಹೇಳಿದ್ದು ಜಿಡಿಪಿ ಶೇ. 4 ಹೆಚ್ಚುತ್ತದೆ ಎಂದು. ಅದೇ ನಾಲ್ಕು, ಒಂದಕ್ಕೆ ಋಣ ಚಿಹ್ನೆ, ಇನ್ನೊಂದಕ್ಕೆ ಧನ ಚಿಹ್ನೆ! ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಚರ್ಚಿಸುವುದೇ ತಪ್ಪು. ಮಿನ್‌ಫೋರ್ಡ್ ಲೆಕ್ಕ ನಿಂತಿರುವುದು ಬ್ರಿಟನ್ ಏಕಪಕ್ಷೀಯವಾಗಿ ಆಮದಿನ ಅಡೆತಡೆಗಳನ್ನೆಲ್ಲ ಕಿತ್ತುಹಾಕುತ್ತದೆ ಎಂಬ ಊಹೆಯ ಮೇಲೆ. ಬ್ರಿಟನ್ ಹಾಗೆ ಮಾಡಲಿಲ್ಲ. 2021ರ ಹೊಸ ಸುಂಕಪಟ್ಟಿಯಲ್ಲಿ ಶೇ. 2ಕ್ಕಿಂತ ಕಡಿಮೆ ಇದ್ದ ಚಿಲ್ಲರೆ ಸುಂಕಗಳನ್ನು ತೆಗೆದು, ಕೃಷಿ ಮತ್ತು ಕಾರಿನಂಥ ದೊಡ್ಡವನ್ನು ಉಳಿಸಿಕೊಂಡಿತು. ಬಜೆಟ್ ಸಂಸ್ಥೆಯ ಶೇ. 4 ಕೂಡ ಅಳೆದು ಬಂದದ್ದಲ್ಲ, ಹೊರಗಿನ ಹಲವು ಅಧ್ಯಯನಗಳ ಸರಾಸರಿ. ‘ಉಳಿದಿದ್ದರೆ’ ಎಂಬ ಬ್ರಿಟನ್ ಎಲ್ಲೂ ಇಲ್ಲದಿರುವುದರಿಂದ ಅದನ್ನು ಬೇರೆ ದೇಶಗಳ ಅಂಕಿಗಳಿಂದ ಕಟ್ಟಬೇಕು. ಅರ್ಥಶಾಸ್ತ್ರಜ್ಞ ಜಾನ್ ಸ್ಪ್ರಿಂಗ್‌ಫೋರ್ಡ್ ಹಾಗೆ ಕಟ್ಟಿ ನೋಡಿದಾಗ 2022ರ ಮಧ್ಯಕ್ಕೆ ಜಿಡಿಪಿ ಶೇ. 5.5 ಹಿಂದೆ ಬಿದ್ದಿತ್ತು. ಯಾವ ದೇಶಗಳನ್ನು ಆರಿಸಿದಿರಿ, ಕೋವಿಡ್ ಪಾಲು ಎಷ್ಟು ಎಂದು ಟೀಕಾಕಾರರು ಹಿಡಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಜನಮತ ಹೊರಬರುವ ಕಡೆ ಬಿದ್ದರೆ ಕೂಡಲೇ ಆರ್ಥಿಕ ಹಿಂಜರಿತ ಎಂದು 2016ರ ಮೇ ತಿಂಗಳಲ್ಲಿ ಬ್ರಿಟನ್ನಿನ ಖಜಾನೆ ಇಲಾಖೆ ಹೆದರಿಸಿದ್ದು ಸುಳ್ಳಾಗಿತ್ತು, ತಜ್ಞರ ಮಾತೆಂದರೆ ಜನ ಮೂಗು ಮುರಿಯಲು ಅದೂ ಒಂದು ಕಾರಣ.

ಈ ಊಹೆಯ ಲೆಕ್ಕಗಳಿಗಿಂತ ಪಾರ್ಸೆಲ್ ಕೌಂಟರಿಗೆ ಹತ್ತಿರವಾದದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು 2024ರ ಡಿಸೆಂಬರ್‌ನಲ್ಲಿ ಕೊಟ್ಟ ಸಂಖ್ಯೆ. ಅವರು ಹಿಡಿದದ್ದು ಒಂದೊಂದು ಕಂಪನಿಯ ಕಸ್ಟಮ್ಸ್ ದಾಖಲೆ. ಬ್ರಿಟನ್ನಿನ ಒಟ್ಟು ಸರಕು ರಫ್ತು ಶೇ. 6.4 ಇಳಿದಿತ್ತು. ಸುಮಾರು 16,400 ಕಂಪನಿಗಳು ಒಕ್ಕೂಟಕ್ಕೆ ಕಳಿಸುವುದನ್ನೇ ನಿಲ್ಲಿಸಿದ್ದವು. ದೊಡ್ಡವು ಸುಧಾರಿಸಿಕೊಂಡವು, ನಿಂತದ್ದು ಸಣ್ಣವು. ಮಂಡಿಗೆ ನೂರು ಮೂಟೆ ಅಡಿಕೆ ತರುವವರಿಗೂ ಒಂದೇ ಮೂಟೆ ತರುವವರಿಗೂ ಲಾರಿ ಬಾಡಿಗೆ ಒಂದೇ ಆದರೆ ಕೈ ಸುಡುವುದು ಯಾರದ್ದು? ಫಾರಂ, ಮಧ್ಯವರ್ತಿ, ಹೊಣೆಗಾರರ ವಿಳಾಸ, 8 ಪೌಂಡ್ ಶುಲ್ಕ, ಇವೆಲ್ಲ ಮಾಲಿನ ಗಾತ್ರ ನೋಡದೆ ಬೀಳುವ ಖರ್ಚು. ಒಟ್ಟು ಮೊತ್ತ ನೋಡುವವರು ‘ಎಲ್ಲಿ, ಅಂಥದ್ದೇನೂ ಆಗಿಲ್ಲವಲ್ಲ’ ಎನ್ನುವುದಕ್ಕೂ ಲೆಸ್ಟರ್‌ನ ಸಣ್ಣ ಅಂಗಡಿಯವರು ‘ಮುಳುಗಿದೆವು’ ಎನ್ನುವುದಕ್ಕೂ ಇಲ್ಲಿ ಜಾಗವಿದೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಮ್ಮ ತೂಕ ಮಾತ್ರ ನಷ್ಟದ ಕಡೆಗೇ.

ಹೊರಬಂದದ್ದರ ಲಾಭವೆಂದು ತೋರಿಸುವುದರಲ್ಲಿ ನಮಗೆ ಹತ್ತಿರದ್ದು 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದ. ಒಕ್ಕೂಟದೊಳಗಿದ್ದರೆ ಬ್ರಿಟನ್ ಒಂಟಿಯಾಗಿ ಅದನ್ನು ಮಾಡಿಕೊಳ್ಳಲು ಆಗುತ್ತಿರಲಿಲ್ಲ, ಆ ಮಾತು ಒಪ್ಪೋಣ. ಅದರಿಂದ ಬ್ರಿಟನ್ನಿಗೆ ದೀರ್ಘಕಾಲದಲ್ಲಿ ಆಗುವ ಲಾಭ ವರ್ಷಕ್ಕೆ 480 ಕೋಟಿ ಪೌಂಡ್, ಅಂದರೆ ಜಿಡಿಪಿಯ ಶೇ. 0.13 ಎಂದು ಅಲ್ಲಿನ ಸರ್ಕಾರವೇ ಅಂದಾಜಿಸಿದೆ. ಬಜೆಟ್ ಸಂಸ್ಥೆ ಹೇಳಿದ ಶೇ. 4ರ ನಷ್ಟದ ಮುಂದೆ ಇದು ಎಷ್ಟು ಎಂದು ಬೇರೆ ಹೇಳಬೇಕೆ? ಇಲ್ಲಿನ ಸಣ್ಣ ವ್ಯಾಪಾರಿಗಂತೂ ಅಂಚೆ ಪೊಟ್ಟಣದಲ್ಲಿ ಅದರ ಪ್ರಯೋಜನ ಕಾಣುವುದು 135 ಪೌಂಡ್ ದಾಟಿದ ಮೇಲೆ, ಅದೂ ಮಾಲಿನ ಮೂಲದ ದಾಖಲೆ ಜೊತೆಗಿದ್ದರೆ. ಕಾಫಿ ಬೆಳೆಗಾರರಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ತರಬಹುದಾದದ್ದು ಒಕ್ಕೂಟದ ಅರಣ್ಯನಾಶ ತಡೆ ನಿಯಮ: ಬೀಜ ಯಾವ ತೋಟದ್ದು ಎಂದು ನಕ್ಷೆಯ ಬಿಂದು ಸಮೇತ ತೋರಿಸಬೇಕು. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ.

ಕೊನೆಗೆ ಬೆಲೆಪಟ್ಟಿ ಹಾಕುವವರಿಗೆ. ಬ್ರಿಟನ್ ತನ್ನ 135 ಪೌಂಡ್ ಸುಂಕ ವಿನಾಯಿತಿಯನ್ನು 2029ರ ಮಾರ್ಚ್ ಒಳಗೆ ತೆಗೆಯುವುದಾಗಿ ಹೇಳಿದೆ, ಇನ್ನೂ ಸಮಯವಿದೆ. ಒಕ್ಕೂಟಕ್ಕೆ ಅವಸರ ಹೆಚ್ಚು: 150 ಯೂರೊ ಒಳಗಿನ ಮಾರಾಟದ ಪೊಟ್ಟಣಕ್ಕೆ 2026ರ ಜುಲೈ 1ರಿಂದ 3 ಯೂರೊ ಸುಂಕ ಎಂದು ನಿರ್ಧರಿಸಿದೆ. ಅದು ಪೊಟ್ಟಣಕ್ಕೆ ಮೂರಲ್ಲ, ಒಳಗಿನ ಒಂದೊಂದು ಬಗೆಯ ಸಾಮಾನಿಗೆ ಮೂರು. ಕಾಫಿ, ಮೆಣಸು, ಹಪ್ಪಳ ಸೇರಿಸಿ ‘ಮಲೆನಾಡು ಬುಟ್ಟಿ’ ಎಂದು ಮಾರಿದರೆ ಒಂಬತ್ತು ಯೂರೊ. ಡಬ್ಲಿನ್ನಿಗೆ ಒಂದು ಪೆಟ್ಟಿಗೆಯಲ್ಲಿ ಒಂದೇ ಸಾಮಾನು ಹಾಕಿ, ಬುಟ್ಟಿಯನ್ನು ಲಂಡನ್ನಿನವರಿಗೆ ಮಾರಿ.